ತಂಡ ಯಾರದು, ಊರು ಯಾರದು?

ಅಮೆರಿಕದಲ್ಲಿ ಫುಟ್‌ಬಾಲ್ ಅಂದರೆ ನಾವು ಕಾಲಲ್ಲಿ ಒದೆಯುವ ಆಟ ಅಲ್ಲ, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡೋದು. ಆದರೆ ನಾನಿಲ್ಲಿ ಹೇಳಹೊರಟಿದ್ದು ಆಟದ ಬಗ್ಗೆ ಅಲ್ಲ. ಅಲ್ಲಿ ತಂಡದ ಹೆಸರಲ್ಲಿ ಊರು ಇದ್ದರೂ ತಂಡ ಊರಿನದಲ್ಲ, ಮಾಲೀಕನದು. ಉಳಿದ ಮಾಲೀಕರು ಒಪ್ಪಿದರೆ ಗಂಟುಮೂಟೆ ಕಟ್ಟಿಕೊಂಡು ಹೊರಟುಬಿಡಬಹುದು.

1995ರಲ್ಲಿ ಲಾಸ್ ಏಂಜಲೀಸ್ ಒಂದೇ ವರ್ಷ ಎರಡು ತಂಡ ಕಳಕೊಂಡಿತು. ರೈಡರ್ಸ್ ಓಕ್‌ಲ್ಯಾಂಡಿಗೆ ವಾಪಸ್ಸು, ರ್‍ಯಾಮ್ಸ್ ಸೇಂಟ್ ಲೂಯಿಸ್‌ಗೆ. ಸೇಂಟ್ ಲೂಯಿಸ್‌ನವರು ಜನರ ತೆರಿಗೆ ದುಡ್ಡಲ್ಲೇ ದೊಡ್ಡ ಡೋಮ್ ಕಟ್ಟಿಕೊಟ್ಟರು. ಜೊತೆಗೆ ಒಪ್ಪಂದದಲ್ಲಿ ಒಂದು ಷರತ್ತಿಗೂ ಸಹಿ ಹಾಕಿದರು: 2005 ಮತ್ತು 2015ರಲ್ಲಿ ಅಳೆದು ನೋಡಿದಾಗ ಈ ಕ್ರೀಡಾಂಗಣ ಲೀಗಿನ ಮೊದಲ ಕಾಲು ಭಾಗದೊಳಗೇ ಇರಬೇಕು.

ನನ್ನಂಥ ಸಾಫ್ಟ್‌ವೇರಿನವರಿಗೆ ಇದನ್ನು ಓದಿದರೆ ಎದೆ ಧಸಕ್ ಅನ್ನುತ್ತೆ. ಇಪ್ಪತ್ತು ವರ್ಷ ಆದಮೇಲೂ ನಮ್ಮದು 32ರಲ್ಲಿ ಮೊದಲ ಎಂಟರೊಳಗೆ ಇರುತ್ತೆ ಅಂತ ಬರೆದುಕೊಡೋದೇ? ಬೇರೆಯವರು ಹೊಸದು ಕಟ್ಟಿದ ಹಾಗೆಲ್ಲ ನಮ್ಮದು ತಾನಾಗೇ ಹಿಂದೆ ಬೀಳುತ್ತೆ! 2013ರಲ್ಲಿ ಮಧ್ಯಸ್ಥಗಾರರು ರ್‍ಯಾಮ್ಸ್ ಪರ ತೀರ್ಪು ಕೊಟ್ಟರು. ದುರಸ್ತಿಗೆ ಸುಮಾರು 70 ಕೋಟಿ ಡಾಲರ್. ನಮ್ಮಿಂದಾಗಲ್ಲ ಅಂದರು ಊರಿನವರು. ಅಲ್ಲಿಗೆ ತಂಡದ ಕಟ್ಟು ಬಿಚ್ಚಿತು.

ರ್‍ಯಾಮ್ಸ್ ಮಾಲೀಕ ಸ್ಟಾನ್ ಕ್ರೋಂಕಿ ಹುಟ್ಟಿದ್ದು ಸೇಂಟ್ ಲೂಯಿಸ್ ಇರುವ ಮಿಸೌರಿಯಲ್ಲೇ. ಅವರ ಪೂರ್ತಿ ಹೆಸರು ಇನೋಸ್ ಸ್ಟಾನ್ಲಿ, ಅದೇ ಊರಿನ ಇಬ್ಬರು ಬೇಸ್‌ಬಾಲ್ ಆಟಗಾರರ ನೆನಪಿಗೆ ಇಟ್ಟದ್ದು! 2014ರಲ್ಲಿ ಅವರು ಲಾಸ್ ಏಂಜಲೀಸ್ ಪಕ್ಕದ ಇಂಗಲ್‌ವುಡ್‌ನಲ್ಲಿ, ಮುಚ್ಚಿಹೋಗಿದ್ದ ಕುದುರೆ ರೇಸ್ ಮೈದಾನದ ಬಳಿ 60 ಎಕರೆ ಕೊಂಡರು. 2015ರ ಜನವರಿಯಲ್ಲಿ ಕ್ರೀಡಾಂಗಣದ ಯೋಜನೆ ಹೊರಬಿತ್ತು. ಮರುತಿಂಗಳೇ ಸ್ಯಾನ್ ಡಿಯೇಗೋದ ಚಾರ್ಜರ್ಸ್ ಮತ್ತು ರೈಡರ್ಸ್ ಒಟ್ಟಾಗಿ ಹತ್ತಿರದ ಕಾರ್ಸನ್‌ನಲ್ಲಿ ಹಳೇ ಕಸದ ಗುಂಡಿ ಮೇಲೆ 170 ಕೋಟಿ ಡಾಲರಿನ ಯೋಜನೆ ಇಟ್ಟರು. ಎರಡೂ ಊರಲ್ಲಿ ಜನರ ಸಹಿ ಸಂಗ್ರಹಿಸಿ, ಮತದಾನವೇ ಇಲ್ಲದೆ ನಗರಸಭೆಯಲ್ಲಿ ಪಾಸು. ಇತ್ತ ಸೇಂಟ್ ಲೂಯಿಸ್ ಪಾಪ, ನದಿ ದಂಡೆಯಲ್ಲಿ ಇನ್ನೊಂದು ಕಟ್ಟಿಕೊಡ್ತೀವಿ ಅಂತ ಓಡಾಡಿತು.

2016ರ ಜನವರಿ 12, ಹ್ಯೂಸ್ಟನ್. ಮಾಲೀಕರದೇ ಸಮಿತಿ 5-1ರಿಂದ ಕಾರ್ಸನ್ ಅಂದಿತ್ತು. ಗುಪ್ತ ಮತದಾನದಲ್ಲಿ ಇಂಗಲ್‌ವುಡ್‌ಗೆ 21, ಕಾರ್ಸನ್‌ಗೆ 11. ಬೇಕಿದ್ದದ್ದು 24. ರಾಜಿಯಾಗಿ ಕೊನೆಗೆ 30-2ರಿಂದ ರ್‍ಯಾಮ್ಸ್ ಗೆದ್ದಿತು.

ಚಾರ್ಜರ್ಸ್ 2017ರಲ್ಲಿ ಬಂತು. ತಮಾಷೆ ನೋಡಿ, ಮೊದಲ ಮೂರು ವರ್ಷ ಆಡಿದ್ದು ಕಾರ್ಸನ್‌ನಲ್ಲೇ, ಪುಟ್ಟ ಸಾಕರ್ ಮೈದಾನದಲ್ಲಿ! ರೈಡರ್ಸ್‌ಗೆ ಲಾಸ್ ವೇಗಸ್‌ನಲ್ಲಿ ಹೋಟೆಲ್ ತೆರಿಗೆಯಿಂದ 75 ಕೋಟಿ ಡಾಲರ್ ಸಿಕ್ಕಿತು. ಸೇಂಟ್ ಲೂಯಿಸ್ ಕೋರ್ಟಿಗೆ ಹೋಗಿ 2021ರಲ್ಲಿ 79 ಕೋಟಿ ಡಾಲರ್ ಪರಿಹಾರ ಪಡೆಯಿತು. ತಂಡ ಮಾತ್ರ ಬರಲಿಲ್ಲ. ಅದು ಹೋದಮೇಲೂ ಆ ಊರಿನವರು ಖಾಲಿ ಡೋಮಿನ ಸಾಲದ ಕಂತು ವರ್ಷಗಟ್ಟಲೆ ಕಟ್ಟಿದರು.

ತಂಡದ ಮೇಲಿನ ಪ್ರೀತಿಗೆ ಸಹಿ ಹಾಕುವ ಮುಂಚೆ ಷರತ್ತು ಓದಬೇಕಿತ್ತು, ಅಲ್ವಾ?