ದ್ರಾಕ್ಷಾರಸವೂ ಈಚಲ ಮರವೂ

ಮಂಜೀರೆಯ ಆಚೀಚೆಗಿನ ನಮ್ಮ ಸೀಮೆಯಲ್ಲಿ ದ್ರಾಕ್ಷಿ ಎಂಬುದು ಪೇಟೆಯಿಂದ ಬರುವ ಹಣ್ಣು. ಈಚಲವಾದರೋ ಹಳ್ಳದ ದಂಡೆಯಲ್ಲಿ ತಾನಾಗಿ ಬೆಳೆಯುವ ಮರ. ಅದರ ರಸವನ್ನು ಸೇಂದಿ ಎನ್ನುತ್ತೇವೆ. ನಾಗಲಗಿದ್ದ, ನಾರಾಯಣಖೇಡ, ಜಹೀರಾಬಾದ, ತಾಂಡೂರುಗಳ ಹಳ್ಳಿಗಳಲ್ಲಿ ಲಗ್ನ ನಿಶ್ಚಯವಾದರೆ ಸೇಂದಿ, ಹಬ್ಬಕ್ಕೆ ಸೇಂದಿ, ಸತ್ತವರ ದಿನಕ್ಕೂ ಸೇಂದಿ ಎಂಬ ರೂಢಿ ಅನೇಕ ಜಾತಿಗಳಲ್ಲಿತ್ತು. ಇಂತಹ ನೆಲಕ್ಕೆ ಕ್ರೈಸ್ತಧರ್ಮವು ಬಂದಾಗ, ‘ಕುಡಿಯಬಹುದೋ, ಕೂಡದೋ’ ಎಂಬ ಪ್ರಶ್ನೆಯು ವೇದವಾಕ್ಯದ ಜಿಜ್ಞಾಸೆಯಾಗಿ ಉಳಿಯದೆ ನೆಂಟಸ್ತಿಕೆಯ ಪ್ರಶ್ನೆಯಾಯಿತು, ಹೊಟ್ಟೆಪಾಡಿನ ಪ್ರಶ್ನೆಯಾಯಿತು. ಆ ಚರಿತ್ರೆಯನ್ನು ಇಲ್ಲಿ ಸ್ವಲ್ಪ ವಿವೇಚಿಸೋಣ.

ಮೊದಲು ಗ್ರಂಥದ ಮಾತು. ಬೈಬಲ್ಲು ಮದ್ಯವನ್ನು ಏಕಪ್ರಕಾರವಾಗಿ ನಿಷೇಧಿಸುವುದಿಲ್ಲ. ಯೇಸುವು ಕಾನಾ ಊರಿನ ಮದುವೆಯಲ್ಲಿ ನೀರನ್ನು ದ್ರಾಕ್ಷಾರಸವಾಗಿ ಮಾಡಿದನೆಂದು ಒಂದೆಡೆ ಇದೆ. ಹೊಟ್ಟೆಯ ಬೇನೆಗೆ ಅದನ್ನು ಕೊಂಚ ಸೇವಿಸೆಂದು ತಿಮೊಥೆಯನಿಗೆ ಬರೆದ ಸಲಹೆಯೂ ಇದೆ. ಇನ್ನೊಂದೆಡೆ, ದ್ರಾಕ್ಷಾರಸವನ್ನು ಮುಟ್ಟದ ರೇಕಾಬ್ಯರನ್ನು ಯೆರೆಮೀಯನ ಗ್ರಂಥವು ಹೊಗಳುತ್ತದೆ. ಇದರಲ್ಲಿ ಕನ್ನಡಿಗರಾದ ನಮಗೆ ವಿಶೇಷ ಕುತೂಹಲದ ಸಂಗತಿಯೊಂದಿದೆ. ಬಳ್ಳಾರಿಯಲ್ಲಿ ನೆಲೆಸಿದ್ದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಮೊದಲಾದವರ ಶ್ರಮದಿಂದ 1831ರ ವೇಳೆಗೆ ಬೈಬಲ್ಲು ಪೂರ್ಣವಾಗಿ ಕನ್ನಡಕ್ಕೆ ಬಂದಿತು. ಅನಂತರ ಹಲವು ಬಾರಿ ಪರಿಷ್ಕೃತವಾಯಿತು. ಬಹುಕಾಲದಿಂದ ಸಭೆಗಳಲ್ಲಿ ಓದುತ್ತ ಬಂದಿರುವ ಪಾಠದಲ್ಲಿ ಕಾನಾ ಊರಿನ ಪಾನವು ‘ದ್ರಾಕ್ಷಾರಸ’. ಎಫೆಸದವರಿಗೆ ಬರೆದ ಪತ್ರಿಕೆಯಲ್ಲಿ ಮತ್ತರಾಗಬೇಡಿರೆಂದು ಎಚ್ಚರಿಸುವಲ್ಲಿ ಅದು ‘ಮದ್ಯ’. ಗ್ರೀಕ್ ಮೂಲದಲ್ಲಿ ಎರಡೂ ಕಡೆ ಇರುವ ಶಬ್ದ ಒಂದೇ, ‘ಓಯ್ನೊಸ್’! ತೆಲುಗು ಬೈಬಲ್ಲಿನಲ್ಲಿಯೂ ಇದೇ ಭೇದವುಂಟು. ಕನ್ನಡ ಕಿವಿಗೆ ‘ದ್ರಾಕ್ಷಾರಸ’ವೆಂದರೆ ಹಿಂಡಿದ ಹಣ್ಣಿನ ರಸ, ‘ಮದ್ಯ’ವೆಂದರೆ ಪಾಪ. ಹೀಗೆ ಅನುವಾದವು, ಉದ್ದೇಶಿಸಿಯೋ ಉದ್ದೇಶಿಸದೆಯೋ, ವರ್ಜನವಾದಿಗಳ ಪಕ್ಷವನ್ನು ಅರ್ಧ ಗೆಲ್ಲಿಸಿಕೊಟ್ಟಿತೆಂದು ನನ್ನ ಅಭಿಪ್ರಾಯ.

ಬೀದರ, ಜಹೀರಾಬಾದ, ತಾಂಡೂರುಗಳ ಕಡೆ ಕೆಲಸ ಮಾಡಿದವರು ಅಮೆರಿಕೆಯ ಮೆಥೊಡಿಸ್ಟರು. ಅವರ ನೆರೆಯಲ್ಲಿ ಮೆದಕಿನ ಭಾಗದಲ್ಲಿ ಇಂಗ್ಲೆಂಡಿನ ವೆಸ್ಲಿಯನ್ನರು. ಇಬ್ಬರಿಗೂ ಮೂಲಪುರುಷ ಜಾನ್ ವೆಸ್ಲಿ. ಅವನು 1743ರಲ್ಲಿ ತನ್ನ ಸಂಘಗಳಿಗೆ ಮಾಡಿದ ನಿಯಮಗಳಲ್ಲಿ ಕುಡಿದು ಮತ್ತರಾಗುವುದನ್ನೂ, ಭಟ್ಟಿ ಇಳಿಸಿದ ಉಗ್ರ ಮದ್ಯವನ್ನು ಕೊಳ್ಳುವುದು, ಮಾರುವುದು, ಕುಡಿಯುವುದನ್ನೂ, ತೀರ ಅಗತ್ಯ ಬಿದ್ದಾಗಿನ ಹೊರತು, ನಿಷೇಧಿಸಿದನು. ಆದರೆ ಬಿಯರನ್ನೂ ದ್ರಾಕ್ಷಾಮದ್ಯವನ್ನೂ ಅವನು ಸಂಪೂರ್ಣವಾಗಿ ತ್ಯಜಿಸಿರಲಿಲ್ಲ. ಪೂರ್ಣ ವರ್ಜನೆಯು ಹತ್ತೊಂಬತ್ತನೆಯ ಶತಮಾನದ ಅಮೆರಿಕೆಯಲ್ಲಿ, ವಿಸ್ಕಿಯ ಹಾವಳಿಯ ನಡುವೆ, ಬೆಳೆದ ವಿಚಾರ. 1869ರಲ್ಲಿ ನ್ಯೂಜೆರ್ಸಿಯ ವೈನ್‌ಲ್ಯಾಂಡ್ ಎಂಬಲ್ಲಿ ಥಾಮಸ್ ವೆಲ್ಚ್ ಎಂಬ ಮೆಥೊಡಿಸ್ಟ್ ದಂತವೈದ್ಯನು ಪಾಶ್ಚರನ ವಿಧಾನವನ್ನು ಅನುಸರಿಸಿ, ದ್ರಾಕ್ಷಿಯ ರಸವನ್ನು ಕಾಯಿಸಿ ಹುಳಿಯದಂತೆ ಇರಿಸಿದನು. ಕರ್ತನ ಭೋಜನದ ಪಾತ್ರೆಗೆ ಮದ್ಯವಲ್ಲದ ರಸ ದೊರೆಯಿತು. 1874ರಲ್ಲಿ ಕ್ರೈಸ್ತ ಸ್ತ್ರೀಯರ ಮದ್ಯವರ್ಜನ ಸಂಘವು ಸ್ಥಾಪಿತವಾಯಿತು. ನಮ್ಮ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಜನಿಸಿದ ಪಂಡಿತಾ ರಮಾಬಾಯಿಯವರು 1886ರಿಂದ 1888ರವರೆಗೆ ಅಮೆರಿಕೆಯಲ್ಲಿದ್ದಾಗ ಈ ಸಂಘದವರೊಡನೆ ಆತ್ಮೀಯ ಸಂಬಂಧವನ್ನಿರಿಸಿಕೊಂಡಿದ್ದರು. ಇಂತಹ ವಾತಾವರಣದಿಂದ ಹೊರಟ ಮಿಶನರಿಗಳು ನಿಜಾಮರ ಸೀಮೆಗೆ ಬಂದಾಗ ವರ್ಜನೆಯು ಅವರ ಪಾಲಿಗೆ ಚರ್ಚೆಯ ವಿಷಯವಾಗಿರಲಿಲ್ಲ. ಅದು ಮುಗಿದ ತೀರ್ಮಾನವಾಗಿತ್ತು.

ಇಲ್ಲಿ ಅವರು ಕಂಡುದು ವಿಸ್ಕಿಯನ್ನಲ್ಲ, ಮರವನ್ನು. ಹೈದರಾಬಾದು ಸಂಸ್ಥಾನದಲ್ಲಿ ಆಬಕಾರಿಯು ಸರಕಾರದ ದೊಡ್ಡ ಆದಾಯಗಳಲ್ಲೊಂದು. ಸೇಂದಿ, ತಾಡಿ, ಮಹುವೆಯ ಹೂವಿನ ಸಾರಾಯಿ ಇವೆಲ್ಲ ಗುತ್ತಿಗೆಯ ಬಾಬುಗಳು. ಮರ ಇಳಿಸುವವನು ಬಡ ಕಲಾಲ, ಲಾಭವುಣ್ಣುವವನು ಗುತ್ತೇದಾರ, ಕೂಲಿಯ ದುಡ್ಡನ್ನು ಅಂಗಡಿಯಲ್ಲಿ ಸುರಿದುಬರುವವನು ಊರ ಹೊರಗಿನ ಕೇರಿಯವನು. ಈ ಸೀಮೆಯಲ್ಲಿ ದೀಕ್ಷಾಸ್ನಾನ ಪಡೆದವರಲ್ಲಿ ಬಹುಮಂದಿ ಆ ಕೇರಿಗಳಿಗೆ ಸೇರಿದ ಹೊಲೆಯ, ಮಾದಿಗ ಕುಟುಂಬದವರು. ಅವರಿಗೆ ಸೇಂದಿ ಬಿಡುವುದೆಂದರೆ ಒಂದು ಚಟವನ್ನು ಬಿಡುವುದಷ್ಟೇ ಆಗಿರಲಿಲ್ಲ. ಬೀಗರು ಕೊಡವನ್ನು ನಡುವೆ ಇಟ್ಟು ಕುಳಿತಾಗ ಕೈಚಾಚದಿದ್ದವನು ಸಂಬಂಧವನ್ನೇ ಒಲ್ಲೆನೆಂದಂತೆ. ಮಗಳನ್ನು ಕೊಡುವುದು, ತರುವುದು ಎಲ್ಲವೂ ಆ ಕೊಡದ ಸುತ್ತ ನಡೆಯುತ್ತಿದ್ದ ಕಾಲದಲ್ಲಿ ವರ್ಜನೆಯ ಬೆಲೆ ಎಷ್ಟೆಂಬುದನ್ನು ದೂರದ ಸಭೆಯಲ್ಲಿ ಕುಳಿತು ನಿಯಮ ಬರೆದವರು ಊಹಿಸಿರಲಾರರು. ಆದರೂ ಮನೆಯ ಹೆಂಗಸಿನ ದೃಷ್ಟಿಯಿಂದ ನೋಡಿದರೆ ಲೆಕ್ಕ ಬೇರೆ. ಸಂಜೆಯ ಕೂಲಿ ಅಂಗಡಿಗೆ ಹೋಗದೆ ಮನೆಗೆ ಬಂದರೆ ಅದು ಜೋಳ, ಮಗುವಿನ ಪಾಟಿ. ವಿಸ್ಕಿಯ ನಾಡಿನಲ್ಲಿ ಹುಟ್ಟಿದ ನಿಯಮವೊಂದು ಈಚಲ ನಾಡಿನಲ್ಲಿ ಬೇರೂರಿದ್ದಕ್ಕೆ ಕಾರಣ ಈ ಲೆಕ್ಕವೇ ಹೊರತು ಪಾದ್ರಿಯ ಪ್ರಸಂಗವೊಂದೇ ಅಲ್ಲವೆಂದು ನಾನು ಭಾವಿಸುತ್ತೇನೆ.

ಕರಾವಳಿಯಲ್ಲಿ ಇದೇ ಪ್ರಶ್ನೆ ಇನ್ನೊಂದು ರೂಪ ತಾಳಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಸಭೆಗೆ ಸೇರಿದವರಲ್ಲಿ ಬಿಲ್ಲವರು ಬಹಳ. ಅವರ ಕುಲಕಸುಬೇ ಕಳ್ಳು ಇಳಿಸುವುದು. ಆ ಕಸುಬನ್ನು ಬಿಡಬೇಕೆಂಬುದು ಮಿಶನ್ನಿನ ಕಟ್ಟಳೆ. ಬಿಟ್ಟವನು ಉಣ್ಣುವುದೇನನ್ನು? ಬೋಧನೆಯಿಂದ ಒಲೆ ಹೊತ್ತದೆಂಬುದನ್ನು ಅರಿತ ಮಿಶನ್ನಿನವರು ನೇಯ್ಗೆಯನ್ನು ಆರಂಭಿಸಿದರು. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟನು ನೇತ್ರಾವತಿಯ ದಂಡೆಯ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದನು. ಮಂಗಳೂರು ಹಂಚಿನ ಖ್ಯಾತಿಯ ಹಿಂದೆ ಕಳ್ಳಿನ ಮರದಿಂದ ಇಳಿದುಬಂದವರ ದುಡಿಮೆಯೂ ಇದೆ. ಅದೇ ಊರಿನ ಕಥೋಲಿಕರದು ಬೇರೆ ದಾರಿ. ಅವರ ಬಲಿಪೂಜೆಗೆ ಹುದುಗಿದ ದ್ರಾಕ್ಷಾಮದ್ಯವೇ ಬೇಕು. ಮಿತಪಾನವು ಅವರಲ್ಲಿ ದೋಷವಲ್ಲ. ಅಲ್ಲಿಯ ಸನ್ನಗಳಂತೂ ಕಳ್ಳಿನಿಂದಲೇ ಉಬ್ಬುತ್ತಿದ್ದುವು! ಒಂದೇ ಗ್ರಂಥವನ್ನು ಓದುವ ಇಬ್ಬರು ನೆರೆಹೊರೆಯವರಲ್ಲಿ ಒಬ್ಬನಿಗೆ ಕಳ್ಳು ಪಾಪ, ಮತ್ತೊಬ್ಬನಿಗೆ ಹಿಟ್ಟಿನ ಹುದುಗು.

ನಮ್ಮ ಕಡೆಯ ಮಾತಿಗೆ ಮರಳೋಣ. ಹಲವು ಸಭೆಗಳಲ್ಲಿ ಕರ್ತನ ಭೋಜನಕ್ಕೆ ಒಣದ್ರಾಕ್ಷಿಯನ್ನು ನೀರಿನಲ್ಲಿ ನೆನೆಸಿ, ಕುದಿಸಿ, ಸೋಸಿದ ರಸವನ್ನೇ ಬಳಸುವ ರೂಢಿಯುಂಟು. ವೆಲ್ಚನ ಉಪಾಯವು ನಮ್ಮ ಅಡಿಗೆಮನೆಯಲ್ಲಿ ಹೀಗೆ ಅಗ್ಗವಾಯಿತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೀದರ ಜಿಲ್ಲೆಯ ನಾರಾಯಣಖೇಡ, ಜಹೀರಾಬಾದಗಳೂ, ಗುಲಬರ್ಗಾ ಜಿಲ್ಲೆಯ ತಾಂಡೂರೂ ಆಂಧ್ರಪ್ರದೇಶಕ್ಕೆ ಹೋದುವು. ಬೀದರವು ಮೈಸೂರಿಗೆ ಬಂದಿತು. ಒಂದೇ ಬಳಗಕ್ಕೆ ಎರಡು ಆಬಕಾರಿ ಕಾನೂನುಗಳಾದುವು. ನೆಲ್ಲೂರು ಜಿಲ್ಲೆಯ ದೂಬಗುಂಟೆಯ ಹೆಂಗಸರಿಂದ ಹಬ್ಬಿದ ಚಳವಳಿಯ ಫಲವಾಗಿ ಆಂಧ್ರದಲ್ಲಿ ಸಾರಾಯಿಯು 1993ರಲ್ಲಿ ನಿಂತಿತು. 1995ರಲ್ಲಿ ಪಾನನಿಷೇಧವೇ ಬಂದು, 1997ರಲ್ಲಿ ಸಡಿಲಾಯಿತು. ಕರ್ನಾಟಕದಲ್ಲಿ ಸಾರಾಯಿಯು 2007ರ ಜುಲೈವರೆಗೂ ಮಾರಾಟವಾಗುತ್ತಿತ್ತು. ಆ ಹದಿನಾಲ್ಕು ವರ್ಷಗಳ ಕಾಲ ಗಡಿಯ ಒಂದು ಮಗ್ಗುಲಲ್ಲಿ ಅಪರಾಧವಾದುದು ಇನ್ನೊಂದು ಮಗ್ಗುಲಲ್ಲಿ ಸರಕಾರದ ವರಮಾನವಾಗಿತ್ತು. ನಾಗಲಗಿದ್ದದ ಕಡೆಯ ಮೆಥೊಡಿಸ್ಟನಿಗೂ ಬೀದರದ ಅವನ ಬೀಗನಿಗೂ ಸಭೆಯಲ್ಲಿ ಓದಿಹೇಳುವ ನಿಯಮ ಮಾತ್ರ ಆಗಲೂ ಒಂದೇ ಆಗಿತ್ತು.