ತೊಗರಿಬೇಳೆ ಪಾಕೀಟಿನ ಬಾರ್‌ಕೋಡ್: ಅಳತೆ, ಮುದ್ರಣ, ಪರೀಕ್ಷೆ

ಕಲಬುರಗಿ (ಗುಲ್ಬರ್ಗಾ) ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಸುಲೇಪೇಟ ಹಾಗೂ ನೆರೆಯ ಸೇಡಂ, ಚಿತ್ತಾಪುರ ಸೀಮೆಯದು ತೊಗರಿಯ ನೆಲ. ‘ಗುಲ್ಬರ್ಗಾ ತೊಗರಿಬೇಳೆ’ಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತ ಮೇಲೆ, ಬೇಳೆಯನ್ನು ಊರಿನ ಹೆಸರು ಹೊತ್ತ ಪಾಕೀಟಿನಲ್ಲಿ ಮಾರುವುದಕ್ಕೆ ಬಲ ಬಂದಿದೆ. ಪಾಕೀಟು ದೊಡ್ಡ ಮಳಿಗೆಯ ಕೌಂಟರ್ ದಾಟಲು ಇಎಎನ್-13 ಬಾರ್‌ಕೋಡ್ ಬೇಕು. ಅದಕ್ಕೆ ಜಿಎಸ್1 ಇಂಡಿಯಾ ಸಂಸ್ಥೆ ಕೊಡುವ ಸಂಖ್ಯೆ 890ರಿಂದ ಆರಂಭವಾಗುತ್ತದೆ. ಮುದ್ರಿಸಿದ ಗೆರೆಗಳನ್ನು ಮೊಬೈಲ್ ಓದಿದರೆ ಸಾಕೆಂದು ಭಾವಿಸುವುದುಂಟು. ಆದರೆ ಸಣ್ಣ ಪ್ಯಾಕಿಂಗ್ ಘಟಕದಲ್ಲಿ ಗುಣಮಟ್ಟದ ಬಹುಪಾಲು ಪ್ರಿಂಟರಿಗೆ ರಿಬ್ಬನ್ ಏರಿಸುವ ಮೊದಲೇ, ಗೆರೆಯ ಅಳತೆಯಲ್ಲೇ ತೀರ್ಮಾನವಾಗುತ್ತದೆ ಎಂಬುದು ಈ ಲೇಖನದ ವಾದ.

ಐಎಸ್‌ಒ/ಐಇಸಿ 15416 ಮಾನಕದ ಪ್ರಕಾರ ಬಾರ್‌ಕೋಡನ್ನು ಹತ್ತು ಎತ್ತರಗಳಲ್ಲಿ ಅಡ್ಡ ಸಾಲುಗಳಾಗಿ ಅಳೆಯುತ್ತಾರೆ. ಕಪ್ಪು–ಬಿಳುಪಿನ ಅಂತರ, ಗೆರೆಯ ಅಂಚು, ಚುಕ್ಕೆ–ಕಲೆ ಮುಂತಾದವುಗಳಲ್ಲಿ ಅತಿ ಕಡಿಮೆ ಬಂದ ಅಂಕವೇ ಆ ಸಾಲಿನ ಗ್ರೇಡ್. ಹತ್ತು ಸಾಲುಗಳ ಸರಾಸರಿಯೇ ಬಾರ್‌ಕೋಡಿನ ಗ್ರೇಡ್. ಗರಿಷ್ಠ ಅಂಕ 4, ಚಿಲ್ಲರೆ ಮಾರಾಟಕ್ಕೆ ಕನಿಷ್ಠ 1.5 ಬೇಕು. ಒಂದು ದೋಷವನ್ನು ಇನ್ನೊಂದು ಗುಣ ಮುಚ್ಚಿಕೊಡುವುದಿಲ್ಲ. ಮೊಬೈಲ್ ಓದಿದ ಲೇಬಲ್ ಈ ಮಿತಿಯಿಂದ ಎಷ್ಟು ಮೇಲಿದೆ ಎಂಬುದು ತಿಳಿಯದು.

ಇಎಎನ್-13ರ ಅತಿ ಸಣ್ಣ ಗೆರೆಯ ಆದರ್ಶ ಅಗಲ 0.33 ಮಿ.ಮೀ.; ಸಾಮಾನ್ಯ ಕನಿಷ್ಠ ಮಿತಿ 0.264. 203 ಡಿಪಿಐ ಥರ್ಮಲ್ ಪ್ರಿಂಟರಿನ ಒಂದು ಚುಕ್ಕೆ 0.125 ಮಿ.ಮೀ. ಎರಡು ಚುಕ್ಕೆಯ ಗೆರೆ 0.25, ಅಂದರೆ ಸಾಮಾನ್ಯ ಮಿತಿಗಿಂತ ಕಡಿಮೆ. ಮೂರು ಚುಕ್ಕೆಯದು 0.375. ಸಾಫ್ಟ್‌ವೇರಿನಲ್ಲಿ 0.33 ಎಂದೇ ಬಿಟ್ಟರೆ ಒಂದು ಗೆರೆಗೆ ಎರಡು, ಮತ್ತೊಂದಕ್ಕೆ ಮೂರು ಚುಕ್ಕೆ ಬಿದ್ದು ಅನುಪಾತ ಕೆಡುತ್ತದೆ. ಹಾಗಾಗಿ ಮೂರು ಚುಕ್ಕೆಗೆ ನಿಗದಿಪಡಿಸಿ, ಎಡಬಲದ ಖಾಲಿ ಅಂಚೂ ಸೇರಿ ಸುಮಾರು 42.4 ಮಿ.ಮೀ. ಅಗಲ ಬಿಡಬೇಕು. 300 ಡಿಪಿಐ ಪ್ರಿಂಟರಿನಲ್ಲಿ ನಾಲ್ಕು ಚುಕ್ಕೆ 0.339 ಆಗುವುದರಿಂದ ಈ ತೊಡಕಿಲ್ಲ.

ಉಳಿದ ದೋಷಗಳಿಗೆ ಮುದ್ರಣದ ಜಾಗವೇ ಮೂಲ. ದಾಲ್‌ಮಿಲ್ಲಿನ ಹೊಟ್ಟಿನ ಧೂಳು ಥರ್ಮಲ್ ಹೆಡ್ ಮೇಲೆ ಕೂತರೆ ಮುದ್ರಣ ಅಲ್ಲಲ್ಲಿ ಬಿಟ್ಟುಹೋಗುತ್ತದೆ. ಹೆಡ್ಡಿನ ಒಂದು ಬಿಂದು ಸತ್ತರೆ, ಲೇಬಲ್ ಸಾಗುವ ದಿಕ್ಕಿನಲ್ಲೇ ಗೆರೆಗಳಿದ್ದಾಗ ಬಿಳಿ ಸೀಳು ಹತ್ತೂ ಸಾಲುಗಳಲ್ಲಿ ಸಿಗುತ್ತದೆ. ಗೆರೆಗಳು ಅಡ್ಡಲಾಗಿದ್ದರೆ ಒಂದೆರಡು ಸಾಲಿಗೆ ಮಾತ್ರ ತಾಗುತ್ತದೆ, ಆದರೆ ಅಂಚು ಮಸುಕಾಗದಂತೆ ವೇಗ ತಗ್ಗಿಸಬೇಕು. ರಿಬ್ಬನ್ ಇಲ್ಲದ ಥರ್ಮಲ್ ಕಾಗದ ಬಿಸಿಲು, ಶಾಖಕ್ಕೆ ಕೆಡುತ್ತದೆ. ಕಲಬುರಗಿಯ ಬೇಸಿಗೆಯಲ್ಲಿ ಸಾಗಣೆಗೆ ರಿಬ್ಬನ್ ಮುದ್ರಣವೇ ಲೇಸು. ಸ್ಕ್ಯಾನರಿನ ಕೆಂಪು ಬೆಳಕಿಗೆ ಕೆಂಪು ಗೆರೆ ಕಾಣದು. ಪಾರದರ್ಶಕ ಪಾಕೀಟಿನಲ್ಲಿ ಬಿಳಿ ತಳ ಹಾಕಿ, ಗೆರೆಗಳನ್ನು ಸೀಲಿನಿಂದ ದೂರವಿಡಬೇಕು.

ಗ್ರೇಡ್ ಅಳೆಯುವ ವೆರಿಫೈಯರ್ ಪ್ರತಿ ಘಟಕಕ್ಕೂ ಬೇಕಿಲ್ಲ. ತಾಲ್ಲೂಕಿನ ಘಟಕಗಳು ಸೇರಿ ಒಂದನ್ನು ಇಟ್ಟುಕೊಂಡು, ಪ್ರಿಂಟರ್, ರಿಬ್ಬನ್, ಪಾಕೀಟು ಬದಲಾದಾಗಲೆಲ್ಲ ಮಾದರಿ ಪರೀಕ್ಷಿಸಬಹುದು. ನಡುವಿನ ದಿನಗಳಲ್ಲಿ ಹೆಡ್ ಒರೆಸುವುದು, ಪ್ರತಿ ರೋಲಿನ ಮೊದಲ ಮತ್ತು ಕೊನೆಯ ಲೇಬಲ್ ತೆಗೆದಿಡುವುದು ಸಾಕು. ಸರಕು ವಾಪಸಾದರೆ ತಪ್ಪು ಮುದ್ರಣದ್ದೋ ಸಾಗಣೆಯದ್ದೋ ಎಂಬುದಕ್ಕೆ ಅವೇ ಸಾಕ್ಷಿ.