ಬಿಟ್ಟ ಸ್ಥಳ: ಧಾರವಾಡ ಭಾಗದ ಇಂಗ್ಲಿಷ್ ಓದಿನಲ್ಲಿ ಅಧ್ಯಾಹಾರ

ವಾಕ್ಯದಲ್ಲಿ ಇಲ್ಲದ ಪದವನ್ನು ಸುತ್ತಲಿನ ಮಾತಿನ ಬಲದಿಂದ ತಂದುಕೊಂಡು ಅರ್ಥ ಮಾಡುವುದಕ್ಕೆ ಭಾರತೀಯ ಶಾಸ್ತ್ರಗಳಲ್ಲಿ ಅಧ್ಯಾಹಾರವೆಂಬ ಹೆಸರಿದೆ. ಹುಬ್ಬಳ್ಳಿ-ಧಾರವಾಡದ ಶಾಲೆಗಳಲ್ಲಿ ಇದೇ ಕೆಲಸ ‘ಬಿಟ್ಟ ಸ್ಥಳ ತುಂಬಿರಿ’ ಎಂಬ ಪ್ರಶ್ನೆಯ ರೂಪದಲ್ಲಿದೆ. ಧಾರವಾಡದ ಸಪ್ತಾಪುರದಲ್ಲಿ ಬ್ಯಾಂಕ್ ಪರೀಕ್ಷೆಗೆ ಓದುವವರಿಗೆ ಅದು ‘ಕ್ಲೋಜ್ ಟೆಸ್ಟ್’. ಈ ಪರೀಕ್ಷೆಯನ್ನು 1953ರಲ್ಲಿ ಅಮೆರಿಕದ ವಿಲ್ಸನ್ ಟೇಲರ್ ಕಂಡುಹಿಡಿದರೆಂದು ಬರೆಯುವ ರೂಢಿಯಿದೆ. ಇದು ಅರ್ಧ ಸತ್ಯ. ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ 1897ರಲ್ಲಿಯೇ ಬ್ರೆಸ್ಲೌ ನಗರದ ಶಾಲಾಮಕ್ಕಳಿಗೆ ಪದ, ಅಕ್ಷರಗಳು ಬಿಟ್ಟುಹೋದ ಗದ್ಯಭಾಗಗಳನ್ನು ಕೊಟ್ಟು ತುಂಬಿಸಿದ್ದರು. ಟೇಲರ್ ಕೊಟ್ಟದ್ದು ‘ಕ್ಲೋಜ್’ ಎಂಬ ಹೆಸರನ್ನು ಮತ್ತು ಪದಗಳನ್ನು ಎಣಿಸಿ ತೆಗೆಯುವ ಕ್ರಮವನ್ನು. ಅವರು ಅಳೆಯಹೊರಟದ್ದು ಮಗುವಿನ ಬುದ್ಧಿಯನ್ನಲ್ಲ, ಬರಹ ಎಷ್ಟು ಸುಲಭ ಅಥವಾ ಕಠಿಣ ಎಂಬುದನ್ನು. ಈ ವ್ಯತ್ಯಾಸ ಮರೆತದ್ದರಿಂದಲೇ ಮುಂದಿನ ಗೊಂದಲ ಹುಟ್ಟಿತು.

ತುಂಬಬೇಕಾದದ್ದು ಪದವನ್ನೋ, ಅರ್ಥವನ್ನೋ ಎಂಬುದು ಮೂಲ ಪ್ರಶ್ನೆ, ಮತ್ತು ಇದು ಹಳೆಯದು. ಯಾರಾದರೂ ‘ಬಾಗಿಲು’ ಎಂದಷ್ಟೇ ಹೇಳಿದರೆ ಕೇಳುಗ ಬಾಗಿಲು ಹಾಕುತ್ತಾನೆ. ಆಗ ಅವನ ಮನಸ್ಸಿನಲ್ಲಿ ‘ಹಾಕು’ ಎಂಬ ಶಬ್ದ ಬಂತೇ, ಮುಚ್ಚುವ ಕ್ರಿಯೆಯ ಅರ್ಥ ಬಂತೇ? ಮೀಮಾಂಸಕರಲ್ಲಿ ಕುಮಾರಿಲ ಭಟ್ಟರ ಪಂಥ ಶಬ್ದಾಧ್ಯಾಹಾರವನ್ನೂ ಪ್ರಭಾಕರರ ಪಂಥ ಅರ್ಥಾಧ್ಯಾಹಾರವನ್ನೂ ಎತ್ತಿಹಿಡಿದವು. ಟೇಲರ್ ಇದನ್ನು ಅರಿಯದೆಯೇ ಶಬ್ದದ ಪಕ್ಷ ವಹಿಸಿದರು: ಲೇಖಕ ಬರೆದಿದ್ದ ಪದವೇ ಬಂದರೆ ಅಂಕ, ಸಮಾನಾರ್ಥಕಕ್ಕೆ ಇಲ್ಲ. ಸಮಾನಾರ್ಥಕಗಳಿಗೆ ಅಂಕ ಕೊಟ್ಟು ನೋಡಿದರೂ ಬರಹಗಳ ಶ್ರೇಣಿ ಹೆಚ್ಚೇನೂ ಬದಲಾಗಲಿಲ್ಲ ಎಂಬುದು ಅವರ ಸಮರ್ಥನೆ. ಬರಹವನ್ನು ಅಳೆಯುವಾಗ ಈ ಮಾತು ಒಪ್ಪತಕ್ಕದ್ದೇ. ಆದರೆ ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿಯುವವರ ವಿಷಯ ಬೇರೆ. ಅವರನ್ನು ಅಳೆಯಲು ಸಂದರ್ಭಕ್ಕೆ ಒಪ್ಪುವ ಪದಗಳನ್ನೆಲ್ಲ ಸ್ವೀಕರಿಸುವ ಕ್ರಮವೇ ಮೇಲೆಂದು ಜಾನ್ ಆಲರ್ 1972ರಲ್ಲಿ ತೋರಿಸಿದರು.

ಧಾರವಾಡ ಭಾಗದಲ್ಲಿ ಈ ಚರ್ಚೆಗೆ ಬಹುಕಾಲ ಜಾಗವೇ ಇರಲಿಲ್ಲ. 1956ರವರೆಗೆ ಈ ಸೀಮೆ ಮುಂಬಯಿ ಆಡಳಿತದಲ್ಲಿತ್ತು. ಸ್ವಾತಂತ್ರ್ಯಾನಂತರ ಅಲ್ಲಿನ ಸರ್ಕಾರ ಇಂಗ್ಲಿಷನ್ನು ಎಂಟನೆಯ ಇಯತ್ತೆಗೆ ತಳ್ಳಿದ್ದರಿಂದ ಮಕ್ಕಳ ಪದಸಂಪತ್ತು ಊಹೆಗೆ ಸಾಲುವಷ್ಟು ಬೆಳೆಯುವುದು ಕಷ್ಟವಾಯಿತು. ಧಾರವಾಡದ ಕರ್ನಾಟಕ ಕಾಲೇಜಿನ ಪ್ರಾಂಶುಪಾಲರಾಗಿದ್ದ ವಿ. ಕೃ. ಗೋಕಾಕರು 1959ರಲ್ಲಿ ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾದರು. ಹೀಗೆ ಧಾರವಾಡದಿಂದ ಹೋದವರು ಇಂಗ್ಲಿಷ್ ಬೋಧನೆಯ ಕೇಂದ್ರದಲ್ಲೇ ಇದ್ದರೂ, ಆ ಕಾಲದಲ್ಲಿ ಪ್ರಬಲವಾಗಿದ್ದ ರಚನಾ ಪದ್ಧತಿ (ಸ್ಟ್ರಕ್ಚರಲ್ ಅಪ್ರೋಚ್) ಪದಗಳನ್ನು ಅಳೆದು, ಒಂದೊಂದಾಗಿ ಪರಿಚಯಿಸಿಯೇ ಪಾಠಕ್ಕೆ ತರುತ್ತಿತ್ತು. ಗೊತ್ತಿಲ್ಲದ ಪದವೇ ಇಲ್ಲದ ಪಾಠದಲ್ಲಿ ಊಹಿಸುವುದೇನನ್ನು? ಇದಕ್ಕೆ ಎದುರುನಿಂತ ಪ್ರಯತ್ನ ನಮ್ಮ ರಾಜಧಾನಿಯ ಹೆಸರು ಹೊತ್ತದ್ದೇ. ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ನಡೆಸಿದ, ‘ಬೆಂಗಳೂರು ಯೋಜನೆ’ ಎಂದು ಪ್ರಸಿದ್ಧವಾದ ಪ್ರಯೋಗದಲ್ಲಿ ಮಕ್ಕಳು ರೈಲಿನ ವೇಳಾಪಟ್ಟಿ, ನಕ್ಷೆಗಳನ್ನು ಓದಿ ಸಮಸ್ಯೆ ಬಿಡಿಸುತ್ತಿದ್ದರು. ಅರ್ಥ ಮೊದಲು, ರೂಪ ಆಮೇಲೆ. ಮುಂದೆ ಇಂಗ್ಲಿಷ್ ಆರಂಭವಾಗುವ ತರಗತಿಯೂ ಕೆಳಗಿಳಿದು, 2007-08ರಲ್ಲಿ ಕರ್ನಾಟಕದ ಸರ್ಕಾರಿ ಶಾಲೆಗಳ ಒಂದನೆಯ ತರಗತಿಗೆ ಅದು ಬಂತು.

ಅರ್ಥದ ಪಕ್ಷಕ್ಕೆ ಕನ್ನಡದ ವಾಕ್ಯರಚನೆಯೇ ದೊಡ್ಡ ಸಾಕ್ಷಿ. ‘ರೈತ ಮೆಣಸಿನಕಾಯಿ ಮಾರಲಿಕ್ಕೆ ––– ಹೋದ’ ಎಂಬಲ್ಲಿ ಮುಖ್ಯ ಸುಳಿವು ಖಾಲಿ ಜಾಗಕ್ಕಿಂತ ಮೊದಲೇ ಸಿಕ್ಕಿಬಿಡುತ್ತದೆ. ‘ಪೇಟೆಗೆ’ ಎಂಬುದು ತಾನಾಗಿ ಬಾಯಿಗೆ ಬರುತ್ತದೆ. ಇದನ್ನೇ ಇಂಗ್ಲಿಷಿನಲ್ಲಿ ‘ದ ಫಾರ್ಮರ್ ವೆಂಟ್ ಟು ದ ––– ಟು ಸೆಲ್ ಹಿಸ್ ಚಿಲೀಸ್’ ಎಂದು ಕೊಟ್ಟರೆ ಮಾರುವ ಮಾತು ಖಾಲಿ ಜಾಗ ದಾಟಿದ ಮೇಲೆ ಬರುತ್ತದೆ. ಕನ್ನಡದ ರೂಢಿಯಲ್ಲಿ ಓದುವ ಮಗು ಗೆರೆಯ ಹತ್ತಿರವೇ ನಿಂತು ‘ಸ್ಕೂಲ್’ ಎಂದೋ ‘ಟೆಂಪಲ್’ ಎಂದೋ ಬರೆಯಬಹುದು. ಕೊನೆಯವರೆಗೆ ಓದಿ ‘ಟೌನ್’ ಎಂದು ಬರೆದ ಮಗು ನಿಜವಾಗಿ ಓದಿದೆ. ಉತ್ತರಪಟ್ಟಿಯಲ್ಲಿ ‘ಮಾರ್ಕೆಟ್’ ಒಂದೇ ಇದ್ದರೆ ಆ ಮಗುವಿಗೆ ಸೊನ್ನೆ. ಗೈಡಿನಿಂದ ‘ಮಾರ್ಕೆಟ್’ ಬಾಯಿಪಾಠ ಮಾಡಿದ ಮಗುವಿಗೆ ಪೂರ್ಣ ಅಂಕ.

ಸಂದರ್ಭದಿಂದ ಊಹಿಸಿ ಓದುವುದನ್ನು ಎತ್ತಿಹಿಡಿಯುವ ಈ ನಿಲುವಿಗೆ ಗಂಭೀರವಾದ ಎರಡು ಆಕ್ಷೇಪಗಳಿವೆ. ಓದು ಎಂದರೆ ಒಂದು ಬಗೆಯ ಊಹೆಯ ಆಟ ಎಂದು 1967ರಲ್ಲಿ ಕೆನೆತ್ ಗುಡ್‌ಮನ್ ಹೇಳಿದ್ದರು. ಮೊದಲ ಆಕ್ಷೇಪ ಈ ಮಾತಿಗೆ ಎದುರಾದದ್ದು: ಪದ ಗುರುತಿಸಲು ಸಂದರ್ಭವನ್ನು ಹೆಚ್ಚು ಅವಲಂಬಿಸುವವರು ದುರ್ಬಲ ಓದುಗರೇ ಎಂದು 1980ರಲ್ಲಿ ಕೀತ್ ಸ್ಟಾನೋವಿಚ್ ವಾದಿಸಿದರು. ಇದು ನಿಜವಾದರೂ, ಕಣ್ಣಿಗೆ ಕಾಣುವ ಪದವನ್ನು ಗುರುತಿಸುವುದು ಬೇರೆ, ಅರ್ಥ ತಿಳಿಯದ ಪದಕ್ಕೆ ಅರ್ಥ ಕಟ್ಟುವುದು ಬೇರೆ. ಎರಡನೆಯ ಆಕ್ಷೇಪ ಇನ್ನೂ ಬಲವಾದದ್ದು: ನೆರವಿಲ್ಲದೆ ಓದಿ ತಿಳಿಯಲು ನೂರಕ್ಕೆ ಸುಮಾರು 98 ಪದಗಳಾದರೂ ಗೊತ್ತಿರಬೇಕೆಂದು ಹು ಮತ್ತು ನೇಷನ್ 2000ದಲ್ಲಿ ಅಂದಾಜಿಸಿದರು. ಹೀಗಿರುವಾಗ ಪದಗಳನ್ನೇ ಕಲಿಸದೆ ‘ಊಹಿಸಿ ಓದು’ ಎನ್ನುವುದು ಮಗುವಿಗೆ ಮಾಡುವ ಅನ್ಯಾಯ. ಆದರೆ ಇದು ಊಹೆಗೆ ಮುಂಚೆ ಏನು ಬೇಕೆಂದು ಹೇಳುತ್ತದೆಯೇ ಹೊರತು ಪದವೊಂದಕ್ಕೇ ಅಂಕ ಕೊಡುವ ರೂಢಿಯನ್ನು ಸಮರ್ಥಿಸುವುದಿಲ್ಲ. ಆ ರೂಢಿ ಉಳಿದದ್ದು ತಿದ್ದಲು ಸುಲಭವೆಂಬ ಕಾರಣಕ್ಕೆ. ಶಾಲೆಯ ಉತ್ತರಪತ್ರಿಕೆ ತಿದ್ದುವ ಶಿಕ್ಷಕರ ಕೈಯಲ್ಲಾದರೂ ‘ಟೌನ್’ ಎಂಬ ಉತ್ತರಕ್ಕೆ ಅಂಕ ಸಿಗಬೇಕು.